ತಾಯಿ ಕಾರ್ಡಿನ ಹೆಸರು

ಶಿವಾಜಿನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ, ಕರೆಯದಿದ್ದರೂ ಮೂಗು ತೂರಿಸುವ ಚಟ. ಮನೆಮಾತು ದಖನಿಯಾದ್ದರಿಂದ ಬರ್ಮಾದಿಂದ ಓಡಿಬಂದವರ ಮುರುಕು ಹಿಂದಿ ಅರ್ಥವಾಗುತ್ತಿತ್ತು. ಕೆ.ಆರ್. ಪುರದಾಚೆ ತಗಡಿನ ಶೆಡ್ಡುಗಳಲ್ಲಿದ್ದುಕೊಂಡು ಅವರು ಗುಜರಿ ವಿಂಗಡಿಸುತ್ತಿದ್ದರು. ಅವರನ್ನು ಆಸ್ಪತ್ರೆಗೆ ಕರೆದೊಯ್ದು, ಚೀಟಿ ಬರೆಸಿ, ಡಾಕ್ಟರ ಮಾತು ಬಿಡಿಸಿ ಹೇಳುವುದು ನನ್ನ ಪಾಲಿಗೆ ಬಂತು.

ಅವರಲ್ಲೊಬ್ಬಳು ಏಳು ತಿಂಗಳ ಬಸುರಿ, ಇನ್ನೂ ಹುಡುಗಿಯೇ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ತಾಯಿ ಕಾರ್ಡ್ ಕೇಳಿದರು. ತಾಯಿ ಕಾರ್ಡಿಗೆ ಆಧಾರ್. ಅವಳ ಹತ್ತಿರ ಇದ್ದದ್ದು ನಿರಾಶ್ರಿತರ ಕಾರ್ಡ್ ಒಂದೇ.

"ಇದನ್ನ ಸಿಸ್ಟಮ್ ತಗೊಳಲ್ಲ ಮೇಡಂ, ಆಧಾರ್ ತಂದ್ಬಿಡಿ," ಎಂದ ಗುಮಾಸ್ತ. ಮೂರು ಸಲ ಹೋದರೂ ಅದೇ ಮಾತು. ಮೂರನೆಯ ಸಲ ನಾನು ಕೂಗಾಡಿದೆ. ಅವನು ನನ್ನ ಹಿಂದಿದ್ದವರನ್ನು ಕರೆದ.

ಪಕ್ಕದ ಶೆಡ್ಡಿನ ಬಂಗಾಳದ ಹೆಂಗಸು ತನ್ನ ಆಧಾರ್ ಕೊಡುತ್ತೇನೆಂದಳು. ಹುಡುಗಿ ನನ್ನ ಮುಖ ನೋಡಿದಳು. "ಲೇ ಲೋ ಬೇಟಿ, ಕುಚ್ ನೈ ಹೋತಾ," ಎಂದೆ. ತಗೋ ಮಗಳೇ, ಏನೂ ಆಗಲ್ಲ ಅಂತ. ಅಲೆದು ಸಾಕಾಗಿತ್ತು, ಯೋಚಿಸಲಿಲ್ಲ. ತಪ್ಪು ನನ್ನದೇ.

ಆ ಆಧಾರ್‌ನ ಹೆಸರಿಗೇ ತಾಯಿ ಕಾರ್ಡ್ ಆಯಿತು, ಹೆರಿಗೆಯೂ ಸುಸೂತ್ರವಾಯಿತು. ವಾರ್ಡಿನಲ್ಲಿ ಪಕ್ಕದ ಶೆಡ್ಡಿನವಳ ಹೆಸರು ಕೂಗಿದಾಗಲೆಲ್ಲ ಇವಳು ಕೈ ಎತ್ತುತ್ತಿದ್ದಳು. ಇಬ್ಬರೂ ಕಿಸಕ್ಕನೆ ನಗುತ್ತಿದ್ದೆವು. ರಸೆಲ್ ಮಾರುಕಟ್ಟೆಯಿಂದ ಖರ್ಜೂರ ತಂದು ಶೆಡ್ಡುಗಳಿಗೆಲ್ಲ ಹಂಚಿದೆ.

ಜನನ ಪ್ರಮಾಣಪತ್ರ ಕೈಗೆ ಬಂತು. ತಾಯಿಯ ಹೆಸರಿರಬೇಕಾದಲ್ಲಿ ಪಕ್ಕದವಳ ಹೆಸರಿತ್ತು. ಆ ಕಾಗದದಿಂದ ಮಗುವನ್ನು ಹೆತ್ತವಳ ನಿರಾಶ್ರಿತರ ಕಾರ್ಡಿಗೆ ಸೇರಿಸುವಂತಿರಲಿಲ್ಲ. ಪರಿಚಯದ ವಕೀಲರನ್ನು ಕೇಳಿದೆ.

"ತಿದ್ದಿಸ್ಬೇಕಂದ್ರೆ ಸುಳ್ಳು ಹೇಳಿದ್ದನ್ನ ಒಪ್ಕೋಬೇಕು ಮೇಡಂ. ಹೊರದೇಶದವಳು, ಒಳಗೆ ಹಾಕ್ಬಿಡ್ತಾರೆ. ಆಮೇಲೆ ಮಗು ಯಾರ ಕೈಗೆ ಹೋಗುತ್ತೆ, ನೀವೇ ಯೋಚ್ನೆ ಮಾಡಿ."

ನಾವು ಬಾಯಿ ಮುಚ್ಚಿಕೊಂಡೆವು. ಬಂಗಾಳದ ಹೆಂಗಸು ಹೆದರಿ ಆಧಾರ್ ಸಮೇತ ಊರಿಗೆ ಹೊರಟುಹೋದಳು.

ಎಂಟನೆಯ ತಿಂಗಳಲ್ಲಿ ಮಗುವಿಗೆ ಬಿಡದ ಜ್ವರ. ಮಗುವಿನ ದಾಖಲೆಯೆಲ್ಲ ಅಲ್ಲೇ ಇದ್ದದ್ದರಿಂದ ಅದೇ ಆಸ್ಪತ್ರೆಗೇ ಹೋಗಬೇಕಾಯಿತು. ಈಗ ತಾಯಿಯ ಬೆರಳಚ್ಚನ್ನೂ ಕೇಳುತ್ತಾರೆಂದು ಯಾರೋ ಹೇಳಿದ್ದರು; ಮತ್ತೆ ಪಕ್ಕದವಳ ಹೆಸರಿಗೆ ಕೈ ಎತ್ತುವಂತಿರಲಿಲ್ಲ. ಆಟೋದಲ್ಲಿ ಅವಳಿಗೆ ಎರಡು ಕನ್ನಡ ವಾಕ್ಯ ಕಲಿಸಿದೆ. ಮಕ್ಕಳಿಗೆ ಮಗ್ಗಿ ಹೇಳಿಸುವಂತೆ ಹತ್ತು ಸಲ ಹೇಳಿಸಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

"ಮಗು ತಾಯಿ ಎಲ್ಲಮ್ಮಾ?" ಎಂದಳು ನರ್ಸ್.

ಮಗು ಹಾಲಿಗಾಗಿ ಅವಳ ದುಪಟ್ಟಾ ಎಳೆಯುತ್ತಿತ್ತು. ಅವಳು ಅದರ ಮುಖವನ್ನು ಆಚೆಗೆ ತಿರುಗಿಸಿ ಹಿಡಿದು, ಒಂದಕ್ಷರವೂ ತಪ್ಪದೆ ಹೇಳಿದಳು: "ಕೆಲ್ಸಕ್ಕೆ ಹೋಗಿದಾಳೆ. ನಾನು ಪಕ್ಕದ್ಮನೆಯವಳು."