ನೆಗ್ಗಿದ ಮೋಟಾರಿಗೆ ಮೆತ್ತಿದ ಮಣ್ಣು

ಆಗ ನಮ್ಮ ಕಡೆ ನಿಜಾಮರ ರಾಜ್ಯ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ ಬರುತ್ತಿತ್ತು, ಓದಿಸಿಕೊಳ್ಳಬೇಕೆಂದರೆ ಮುನ್ಷಿಯ ಮನೆ ಬಾಗಿಲಿಗೆ ಹೋಗಬೇಕಿತ್ತು. ಸಿಂಧನೂರಿಗೆ ಕಾಲುವೆಯ ನೀರು ಇನ್ನೂ ಬಂದಿರಲಿಲ್ಲ. ಈಗ ಗದ್ದೆ ಕಾಣುವಲ್ಲೆಲ್ಲ ಆಗ ಬಿಳಿಜೋಳ, ಹತ್ತಿ. ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಹಳೆಯದಾಯಿತೆಂದು ಯಾವ ಸಾಮಾನೂ ಮನೆಯಿಂದ ಹೊರಗೆ ಬೀಳುತ್ತಿರಲಿಲ್ಲ. ಗೋಡೆ ಬಿರಿದರೆ ಮಣ್ಣು, ಸೀರೆ ಹರಿದರೆ ಕೌದಿ, ಮೊರ ಸವೆದರೆ ಮೆಂತ್ಯದ ಹಿಟ್ಟು.

ಸುದ್ದಿ ಬಂದ ದಿನ ನಾನು ಮೊರಕ್ಕೆ ಆ ಹಿಟ್ಟನ್ನೇ ಬಳಿಯುತ್ತ ಕೂತಿದ್ದೆ. ಅವ್ವ ಮೆಂತ್ಯವನ್ನೂ ರದ್ದಿ ಕಾಗದವನ್ನೂ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಒರಳಲ್ಲಿ ರುಬ್ಬಿ ಕೊಡುತ್ತಿದ್ದಳು. ಬಿದಿರಿನ ಸಂದಿಗೆಲ್ಲ ಅದನ್ನು ಒತ್ತಿ ಬಳಿದು ಬಿಸಿಲಿಗಿಟ್ಟರೆ ಒಂದು ಕಾಳೂ ಸೋರುತ್ತಿರಲಿಲ್ಲ. ಆ ಕಹಿ ವಾಸನೆ ಕೈಯಿಂದ ಎರಡು ದಿನ ಹೋಗುತ್ತಿರಲಿಲ್ಲ, ಉಂಡ ರೊಟ್ಟಿಗೂ ಅದೇ ವಾಸನೆ. ನನಗಾಗ ಒಂಬತ್ತೋ ಹತ್ತೋ ವರ್ಷ. ಅಪ್ಪ ಬಂದವನೇ ಕೆರವು ಕೂಡ ಬಿಡದೆ ಹೊಸ್ತಿಲಲ್ಲಿ ನಿಂತು ಹೇಳಿದ:

"ಸಿಂಧನೂರವರು ಒಪ್ಯಾರ. ಬರೋ ಸೋಮವಾರ ಗೌರಿನ್ನ ನೋಡಾಕ ಬರ್ತಾರ. ನಮ್ಮ ಮೋಟಾರದಾಗ ನಾನ ಕರಕೊಂಡು ಬರ್ತೀನಂತ ಹೇಳಿ ಬಂದೀನಿ."

ಅವ್ವ ದೇವರ ಜಗಲಿಯ ಕಡೆ ತಿರುಗಿ ಕೈ ಮುಗಿದಳು. ಮುಗಿದ ಕೈ ಇಳಿಸುವ ಮೊದಲೇ ಕೇಳಿದಳು, "ಆ ಮೋಟಾರದಾಗೇನ್ರೀ?"

ಆ ಮೋಟಾರಿನ ವಿಷಯ ಹೇಳಬೇಕು. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಒಬ್ಬ ಸಾಹೇಬನಿಗೆ ಮೋಟಾರು ಹೊಡೆಯುತ್ತಿದ್ದ. ಸಾಹೇಬ ಒಂದು ದಿನ ತಾನೇ ಹೊಡೆಯುತ್ತೇನೆಂದು ಹೋಗಿ ಹುಣಸೆಮರಕ್ಕೆ ಗುದ್ದಿಸಿದ್ದ. ತನ್ನ ದೇಶಕ್ಕೆ ವಾಪಸು ಹೊರಟಾಗ ಆ ಗುದ್ದಿದ ಮೋಟಾರನ್ನು ಕೇಳುವವರು ಯಾರೂ ಇರಲಿಲ್ಲ, ಅಪ್ಪನಿಗೇ ಬಿಟ್ಟು ಹೋದ. ಅಪ್ಪ ಅದರಲ್ಲಿ ಲಿಂಗಸುಗೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಸಿಂಧನೂರಿಗೆ ಜನರನ್ನು ಬಾಡಿಗೆಗೆ ಒಯ್ಯತೊಡಗಿದ. ಕಚೇರಿಗೆ ಹೋಗುವವರು, ಹೆರಿಗೆಗೆ ತವರಿಗೆ ಬರುವವರು, ಮೈ ನೆಟ್ಟಗಿಲ್ಲದವರು. ನಮ್ಮ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ.

ಕಪ್ಪು ಬಣ್ಣದ, ಮೇಲೆ ಬಟ್ಟೆಯ ಹೊದಿಕೆಯ ಮೋಟಾರು. ಬಣ್ಣ ಎಷ್ಟೋ ಕಡೆ ಎದ್ದು ತುಕ್ಕು ಕಾಣುತ್ತಿತ್ತು. ಎಡಗಡೆಯ ಮೈ ತುಂಬ ನೆಗ್ಗು. ಹಿಂದಿನ ಬಾಗಿಲ ಮೇಲಂಚು ಕಡಿದ ರೊಟ್ಟಿಯಂತೆ ಒಳಕ್ಕೆ ಹೋಗಿತ್ತು. ಒಂದು ದೀಪದ ಗಾಜು ಸೀಳಿತ್ತು. ಆದರೆ ನಾವು ಅದಕ್ಕೆ ಹೊಂದಿಕೊಂಡಿದ್ದೆವು. ಸೀಟು ಹರಿದಲ್ಲಿ ಅವ್ವ ತನ್ನ ಮದುವೆಯ ಸೀರೆಯ ತುಂಡು ಹಚ್ಚಿ ಕೌದಿ ಹೊಲಿದು ಹಾಸಿದ್ದಳು. ಮುಂದಿನ ಚಕ್ರದ ಮೇಲಿನ ತಗಡಿನಲ್ಲಿ ಬೊಗಸೆಯಷ್ಟು ಒಂದು ನೆಗ್ಗಿತ್ತು. ಅದು ನನ್ನದು. ಚೌಕಾಬಾರದ ಹುಣಸೆ ಬೀಜ, ಗಜ್ಜುಗ ಎಲ್ಲ ಅದರಲ್ಲೇ ಇಡುತ್ತಿದ್ದೆ. ಮಳೆ ಬಂದರೆ ಅದರಲ್ಲಿ ನೀರು ನಿಂತು ಗುಬ್ಬಿ ಮೈ ತೊಳೆಯುತ್ತಿದ್ದವು. ಸೋಮವಾರ ಸೋಮವಾರ ಅವ್ವ ಮೋಟಾರಿಗೂ ವಿಭೂತಿ ಹಚ್ಚುವಳು, ನೆಗ್ಗಿದ ಕಡೆ ಇನ್ನೊಂದಿಷ್ಟು ಹೆಚ್ಚು. ನೋವಾದಲ್ಲಿ ಹಚ್ಚಿದಂತೆ. ಅಪ್ಪನ ಮಾತು ಒಂದೇ: "ಎಂಜಿನ್ನು ಚಲೋ ಐತಿ. ಮೈ ನೋಡಿ ಏನ್ಮಾಡ್ತೀರಿ?"

ಗೌರಕ್ಕ ನನ್ನ ಅಕ್ಕ. ಹದಿನಾರು ತುಂಬಿತ್ತು. ಸಣ್ಣವಳಿದ್ದಾಗ ಸಿಡುಬು ಬಂದು ಮುಖದ ತುಂಬ ಕಲೆ ಉಳಿದಿದ್ದವು. ಸಿಡುಬು ಎನ್ನಲು ಅವ್ವ ಬಿಡುತ್ತಿರಲಿಲ್ಲ, "ದೇವಿ ಬಂದಿದ್ಲು" ಎನ್ನಬೇಕು. ಎರಡು ಕಡೆಯವರು ನೋಡಿ ಹೋಗಿ ಮತ್ತೆ ಸುದ್ದಿ ಕಳಿಸಿರಲಿಲ್ಲ. ಮಸ್ಕಿಯಲ್ಲಿ ಹೆಂಡತಿ ತೀರಿಹೋದ, ಮೂರು ಮಕ್ಕಳ ಒಬ್ಬನಿದ್ದ. ಸಿಂಧನೂರಿನದೂ ತಪ್ಪಿದರೆ ಅವನಿಗೇ ಕೊಡುವುದೆಂದು ಮನೆಯ ಹಿರಿಯರು ಮಾತಾಡಿ ಮುಗಿಸಿದ್ದರು. ಅದು ಗೌರಕ್ಕನಿಗೂ ಗೊತ್ತಿತ್ತು. ನೀರು ತರಲು ಹೋದವಳು ಬಾವಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು.

ಭಾನುವಾರ ಅಪ್ಪ ಮೋಟಾರನ್ನು ಅಂಗಳದಲ್ಲೇ ಬಿಟ್ಟು, ಪೆಟ್ರೋಲಿನ ಡಬ್ಬಿಗೆಂದು ಯಾರದೋ ಎತ್ತಿನ ಗಾಡಿಯಲ್ಲಿ ಹಟ್ಟಿಗೆ ಹೋಗಿದ್ದ. ಪಕ್ಕದ ಮನೆಯ ಸಂಗಮ್ಮತ್ತಿ ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ಮೋಟಾರನ್ನು ಒಂದು ಸುತ್ತು ನೋಡಿದಳು.

"ಏನ ಗಂಗವ್ವ, ಬೀಗರು ಬರೋದು ಇದರಾಗೇನು? ಕೋಣ ತುಳದ ಕೊಡದಂಗ ಐತಿ. ಮೋಟಾರ ನೋಡೇ ಮೂಗ ಮುರದವರು, ಹೆಣ್ಣಿನ ಮಾರಿ ನೋಡಿ ಏನಂದಾರು?"

"ಎಂಜಿನ್ನು ಚಲೋ ಐತಂತ ನಮ್ಮನಿಯವರು..."

"ಎಂಜಿನ್ನು ಯಾರಿಗೆ ಕಾಣತೈತಿ ಬೇ? ನೀ ಇಡೀ ಓಣಿ ಗ್ವಾಡಿ ಸಾರಸಿದಾಕಿ. ನಾಕು ನೆಗ್ಗು ಮುಚ್ಚಾಕ ಬರಂಗಿಲ್ಲೇನು?"

ಅವ್ವನ ಕೈಗೆ ಕೆಲಸ ಸಿಕ್ಕಿತು. ಗೋಡೆ ಸಾರಿಸುವುದರಲ್ಲಿ ಅವಳನ್ನು ಮೀರಿಸುವವರು ಓಣಿಯಲ್ಲಿರಲಿಲ್ಲ. ಜಿಗುಟು ಮಣ್ಣು, ಸಗಣಿ, ಜೋಳದ ಹೊಟ್ಟು ಸೇರಿಸಿ ಕಲಸುವುದು, ಅದನ್ನು ನೆಗ್ಗಿಗೆ ತುಂಬಿ ನುಣ್ಣಗೆ ಮಾಡುವುದು, ಒಣಗಿದ ಮೇಲೆ ಮೊರಕ್ಕೆ ಬಳಿದು ಮಿಕ್ಕಿದ ಮೆಂತ್ಯದ ಹಿಟ್ಟು, ಅದರ ಮೇಲೆ ಔಡಲೆಣ್ಣೆಯಲ್ಲಿ ಕಲಸಿದ ದೀಪದ ಮಸಿ. ಮಣ್ಣು ಕಲಸುವುದನ್ನು ನನಗೆ ವಹಿಸಿದಳು. ಹೊಟ್ಟಿನ ಬುಟ್ಟಿ ಪಕ್ಕಕ್ಕಿಟ್ಟು, "ಎರಡು ಬೊಗಸಿ ಹಾಕು, ಕೈಗೆ ಹತ್ತೋದು ಬಿಡೋತನಕ ನಾದು" ಎಂದು ಹೇಳಿ ಒಳಗೆ ಹೋದಳು.

ಹೊಟ್ಟು ಕೈಗೆ ಚುಚ್ಚುತ್ತದೆ, ಉಗುರಿನ ಸಂದಿಯಲ್ಲಿ ಸೇರಿ ಉರಿಯುತ್ತದೆ. ನಾನು ಒಂದು ಚಿಟಿಕೆ ಉದುರಿಸಿ, ಉಳಿದದ್ದನ್ನು ಎಮ್ಮೆಯ ಮುಂದೆ ಸುರಿದುಬಿಟ್ಟೆ. ಮಣ್ಣು ಬೆಣ್ಣೆಯಂತೆ ನುಣುಪಾಯಿತು. ಅವ್ವ ಕೆಲಸದ ಅವಸರದಲ್ಲಿ ನೋಡಲೂ ಇಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿದ್ದ ದಿನ. ಮಧ್ಯಾಹ್ನಕ್ಕೆಲ್ಲ ಮೆತ್ತಿದ್ದು ಒಣಗಿತು. ಮಸಿ ಬಳಿದ ಮೇಲೆ ಮೋಟಾರು ಅಂಗಡಿಯಿಂದ ಈಗ ತಂದಂತೆ ಮಿರಮಿರ ಮಿಂಚಿತು. ನನ್ನ ಬೀಜದ ಗುಳಿಯೂ ಮುಚ್ಚಿಹೋಗಿತ್ತು. ಗೌರಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ನಕ್ಕಳು.

"ನಾಳಿಗೆ ನನಗೂ ಹಿಂಗ ಮೆತ್ತತೀಯೇನ ಅವ್ವ?"

ಅವ್ವ ನಗಲಿಲ್ಲ. ಯಾಕೆಂದರೆ ಸಂಗಮ್ಮತ್ತಿ ಅದಕ್ಕೂ ಏರ್ಪಾಟು ಮಾಡಿದ್ದಳು. ಮುಖಕ್ಕೆ ದಪ್ಪಗೆ ಅರಿಸಿನ, ಮೇಲೆ ಪೌಡರು, ತಲೆಯ ಮೇಲೆ ಸೆರಗು ಮುಂದಕ್ಕೆಳೆದು ನಡುಮನೆಯ ಮಬ್ಬಿನಲ್ಲಿ ಕೂರಿಸುವುದು.

ಅಪ್ಪ ಕತ್ತಲಾದ ಮೇಲೆ ಬಂದು, ಬೆಳಗಾಗುವ ಮೊದಲೇ ಹೊರಟ. ಕತ್ತಲಲ್ಲಿ ಕಪ್ಪು ಯಾರಿಗೆ ಕಾಣಬೇಕು? ಅವ್ವ ಹೇಳಬೇಕೆಂದಿದ್ದವಳು ಹೇಳಲಿಲ್ಲ.

ಸೋಮವಾರ ಹೊತ್ತೇರಿದ ಮೇಲೆ ಮೋಟಾರಿನ ಸದ್ದು ಕೇಳಿ ನಾನು ಬೀದಿಗೆ ಓಡಿದೆ. ಮೈಯೆಲ್ಲ ತೊನ್ನು ಹತ್ತಿದಂತೆ ಬಂದು ನಿಂತಿತು. ಮಣ್ಣು ಹೆಂಟೆ ಹೆಂಟೆಯಾಗಿ ಉದುರಿ ಹಳೆಯ ನೆಗ್ಗೆಲ್ಲ ಮತ್ತೆ ಬಾಯಿ ತೆರೆದಿದ್ದವು. ಗಂಡು ಬಂದಿರಲಿಲ್ಲ, ಆಗೆಲ್ಲ ಹಿರಿಯರು ನೋಡಿ ಒಪ್ಪಿದರೆ ಆಯಿತು. ಗಂಡಿನ ತಂದೆ ಪಂಪಣ್ಣ ಇಳಿದರು. ಬಿಳಿ ಕೋಟು, ಬಿಳಿ ಧೋತರ. ಎಡತೋಳಿನಿಂದ ಮೊಣಕಾಲಿನವರೆಗೆ ಔಡಲೆಣ್ಣೆಯ ಮಸಿ. ಅವರ ಹಿಂದೆ ಅವರ ತಾಯಿ ಇಳಿದಳು, ಸಾಲಗುಂದದ ಕಡೆಯ ಗಟ್ಟಿ ಮುದುಕಿ. ಬಾಗಿಲಂಚು ಹಿಡಿದು ಕೂತಿದ್ದ ಅವಳ ಮಡಿಲ ತುಂಬ ಮಣ್ಣು.

"ಏನ್ರೀ ಇದು?" ಪಂಪಣ್ಣ ಅಂಗೈ ಎತ್ತಿ ತೋರಿಸಿದರು. "ಮೋಟಾರದ ನೆಗ್ಗು ಮುಚ್ಚಿದವರು ಮನಿಯಾಗ ಇನ್ನೇನೇನು ಮುಚ್ಚಿಟ್ಟೀರಿ?"

ಹೋಗುವಾಗ ದಾರಿಯ ಧೂಳು ಎಲ್ಲವನ್ನೂ ಮುಚ್ಚಿದ್ದರಿಂದ ಅಪ್ಪನಿಗೆ ವಿಷಯ ತಿಳಿದದ್ದು ವಾಪಸು ಬರುವಾಗ, ಮಸ್ಕಿಯ ಹಳ್ಳದ ಹತ್ತಿರ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ. ಆದರೂ ಅವನು ಅವ್ವನ ಕಡೆ ನೋಡದೆ ಹೇಳಿದ, "ನಂದ ತಪ್ಪು ರೀ. ಒಳಗ ಬರ್ರಿ."

ಪಂಪಣ್ಣ ಒಳಗೆ ಬರಲಿಲ್ಲ. ಮುದುಕಿ ಮಾತ್ರ ಕಟ್ಟೆಯ ಮೇಲೆ ಕೂತು, ಮಡಿಲಿನಿಂದ ಒಂದು ಹೆಂಟೆ ತೆಗೆದು, ಬೆರಳಲ್ಲಿ ಪುಡಿಮಾಡಿ ಮೂಸಿದಳು.

"ಸಗಣಿ ಹದಾ ಐತಿ. ಮ್ಯಾಲೆ ಮೆಂತ್ಯದ ಕೈ ಓಡಸ್ಯಾರ, ಶಾಣ್ಯಾರ ಅದಾರ. ಹೊಟ್ಟು ಇಲ್ಲ. ಇದನ್ನ ಕಲಸಿದಾಕಿ ಯಾರವ್ವ?"

ನನ್ನ ಬಾಯಿ ತಾನೇ ತೆರೆಯಿತು. "ನಾನ. ಹೊಟ್ಟು ಕೈಗೆ ಚುಚ್ಚತೈತಿ. ಎಮ್ಮಿಗೆ ಹಾಕಿದೆ."

ಅವ್ವ ನನ್ನನ್ನು ನೋಡಿದ ನೋಟ ಈಗಲೂ ಬೆನ್ನ ಮೇಲಿದೆ. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಹೊಟ್ಟಿಲ್ಲದ ಮಣ್ಣು ನಿಂತ ಗ್ವಾಡಿಗೇ ಹತ್ತಂಗಿಲ್ಲ, ಓಡೋ ಮೋಟಾರಕ್ಕ ಹತ್ತೀತೇನ ಖೋಡಿ?"

ಅಷ್ಟರಲ್ಲಿ ಒಳಗೆ ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವ ಸಪ್ಪಳ. ಒಂದು ತಂಬಿಗೆ, ಎರಡು, ಮೂರು. ಗೌರಕ್ಕ ಹೊರಗೆ ಬಂದಳು. ಸೆರಗು ಹೆಗಲ ಮೇಲೆ, ಮುಖದಿಂದ ಅರಿಸಿನದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಸಂಗಮ್ಮತ್ತಿ ಬಾಗಿಲ ಹಿಂದೆ ಹಣೆ ಬಡಿದುಕೊಂಡಳು. ಗೌರಕ್ಕ ನೀರಿನ ತಂಬಿಗೆಯನ್ನು ಪಂಪಣ್ಣನ ಮುಂದಿಟ್ಟು, ಹಾಡುಹಗಲ ಬೆಳಕಿನಲ್ಲಿ ನೆಟ್ಟಗೆ ನಿಂತು ಹೇಳಿದಳು:

"ಕಾಲಿಗೆ ನೀರು ತಗೋರಿ. ಸಣ್ಣಾಕಿದ್ದಾಗ ದೇವಿ ಬಂದು ಹೋಗ್ಯಾಳ ರೀ. ಇದೊಂದ ಮುಚ್ಚಿದ್ದು. ಇನ್ನೇನೂ ಇಲ್ಲ."

ಪಂಪಣ್ಣ ಅವಳ ಮುಖ ನೋಡಿ, ತಂಬಿಗೆಯ ಕಡೆ ತಿರುಗಿದರು.

"ಬಾ ಇಲ್ಲಿ" ಎಂದಳು ಮುದುಕಿ. ಗೌರಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ತನ್ನ ಕುಪ್ಪಸದ ತೋಳು ಮೇಲಕ್ಕೆ ಸರಿಸಿದಳು. ತೋಳಿನ ತುಂಬ ಅವೇ ಕಲೆ, ಸುಕ್ಕಿನೊಳಗೆ ಮುದುಡಿಕೊಂಡು. "ನನ್ನೂ ಆಕಿ ಬಿಟ್ಟಿಲ್ಲ ತಗೋ. ಜೀವ ಉಳಸಿದ್ಲಲ್ಲ, ಅದ ದೊಡ್ಡದು." ಮೋಟಾರಿನ ಮಸಿ ಹತ್ತಿದ್ದ ತನ್ನ ಬೆರಳಿನಿಂದ ಗೌರಕ್ಕನ ಗಲ್ಲಕ್ಕೆ ಒಂದು ದೃಷ್ಟಿಬೊಟ್ಟು ಇಟ್ಟಳು. "ಈ ಮಾರಿಗೆ ಕಪ್ಪು ಇಷ್ಟ ಸಾಕು." ಆಮೇಲೆ ಮಗನ ಕಡೆ ತಿರುಗಿ, "ಪಂಪ, ಸಿಂಧನೂರಿಂದ ಇಲ್ಲೀತನಕ ಮೋಟಾರ ಒಂದ ಸಲನೂ ಕೆಟ್ಟು ನಿಂತಿಲ್ಲ. ಅದನ್ನ ನೋಡಿದ್ಯೋ, ಬರೇ ಕೋಟು ನೋಡಿದ್ಯೋ?"

ಪಂಪಣ್ಣ ಕಾಲು ತೊಳೆದರು. ಕೈಯನ್ನು ಮೂರು ಸಲ ತೊಳೆದರೂ ಮಸಿ ಹೋಗಲಿಲ್ಲ. ಆ ಕೈಯಿಂದಲೇ ಊಟ ಮಾಡಿದರು, ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಅವ್ವ ಬಡಿಸುತ್ತಲೇ ಶಿವನಾಮ ಹೇಳಿಕೊಳ್ಳುತ್ತಿದ್ದಳು. ಮೋಟಾರು ಹತ್ತುವ ಮೊದಲು ಪಂಪಣ್ಣ ತಗಡಿಗೆ ಅಂಟಿ ಉಳಿದಿದ್ದ ಮಣ್ಣನ್ನು ಉಗುರಿನಿಂದ ಕೆರೆದು ಬೀಳಿಸಿದರು. ನನ್ನ ಬೀಜದ ಗುಳಿ ಮತ್ತೆ ಕಂಡಿತು.

"ಇದನ್ನೆಲ್ಲ ತೊಳದು ಬಿಡ್ರಿ" ಎಂದು ಅಪ್ಪನಿಗೆ ಹೇಳಿದರು. "ಮದವಿ ದಿವಸ ಮಂದಿ ಕೋಟು ಅರಬಿ ಹೊಲಸಾಗಬಾರದು."

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹಾರ್ನ್ ಒತ್ತಿದ, ಒತ್ತುತ್ತಲೇ ಓಣಿ ದಾಟಿದ.

ಗೌರಕ್ಕ ಸಿಂಧನೂರಿಗೆ ಹೋದದ್ದು ಅದೇ ಮೋಟಾರಿನಲ್ಲಿ, ನೆಗ್ಗು ಮುಚ್ಚದೆ, ವಿಭೂತಿ ಹಚ್ಚಿಕೊಂಡು. ಅವಳ ಬಾಳು ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಆದರೆ ಆ ಮನೆಯಲ್ಲಿ ಅವಳ ಮುಖದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಇಷ್ಟು ದೇವರು ಕೊಟ್ಟ. ಆವತ್ತು ಹೊಟ್ಟು ಸರಿಯಾಗಿ ಹಾಕಿದ್ದರೆ ಮಣ್ಣು ನಿಲ್ಲುತ್ತಿತ್ತು, ಅರಿಸಿನವೂ ನಿಲ್ಲುತ್ತಿತ್ತು, ಮದುವೆಯಾದ ಮೇಲೆ ಎಂದೋ ಒಂದು ದಿನ ಉದುರುತ್ತಿತ್ತು. ನನ್ನ ಮೈಗಳ್ಳತನದಿಂದಲೂ ದೇವರು ಒಂದು ಒಳ್ಳೆಯದು ಮಾಡಿಸಿದನಲ್ಲ ಎಂದು ಈಗಲೂ ಜಗಲಿಯ ಮುಂದೆ ಕೂತಾಗ ನೆನೆಯುತ್ತೇನೆ.

ಎರಡನೇ ಮಹಾಯುದ್ಧದ ಕೊನೆಗೆ ಪೆಟ್ರೋಲು ಸಿಗದೆ ಮೋಟಾರು ಅಂಗಳದಲ್ಲೇ ನಿಂತಿತು. ಕೋಳಿ ಕಾವು ಕೂತವು. ಒಂದು ದಿನ ಗುಜರಿಯವರು ತುಂಡು ತುಂಡು ಮಾಡಿ ಗಾಡಿಯಲ್ಲಿ ಹೇರಿಕೊಂಡು ಹೋದರು. ಕೌದಿಯನ್ನು ಅವ್ವ ಬಿಚ್ಚಿ ತೆಗೆದಿಟ್ಟುಕೊಂಡಿದ್ದಳು, ಅದೂ ಈಗಿಲ್ಲ. ಗೌರಕ್ಕನೂ ಇಲ್ಲ. ಈಗ ನನ್ನ ಮಗನ ಕಾರಿಗೆ ಕೂದಲೆಳೆಯಷ್ಟು ಗೀರು ಬಿದ್ದರೆ ಅವನು ಅರ್ಧ ಗಂಟೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಬೈಯಲು ಮನಸ್ಸಾಗುವುದಿಲ್ಲ, ಕಷ್ಟಪಟ್ಟು ಕೊಂಡದ್ದು. ಆದರೆ ಅದರ ಮೈಮೇಲೆ ಮೊಮ್ಮಗಳು ಹುಣಸೆ ಬೀಜ ಇಡುವಂಥ ಒಂದು ಜಾಗವೂ ಇಲ್ಲ. ಕಲೆಯನ್ನು ನೋಡಿ ತನ್ನ ತೋಳು ಸರಿಸಿ ತೋರಿಸುವ ಮುದುಕಿಯರೂ ಕಾಣುವುದಿಲ್ಲ.

ಆ ದಿನ ಬೀಗರು ಹೋದ ಮೇಲೆ ಅವ್ವ ನನಗೆ ಹೊಡೆಯುತ್ತಾಳೆಂದು ಹಿತ್ತಲಲ್ಲಿ ಎಮ್ಮೆಯ ಹಿಂದೆ ಅಡಗಿದ್ದೆ. ಅವಳು ಬಂದಳು. ಕೈಯಲ್ಲಿ ಕೋಲಿರಲಿಲ್ಲ. ಹೊಟ್ಟಿನ ಬುಟ್ಟಿಯನ್ನು ನನ್ನ ಮುಂದೆ ಕುಕ್ಕಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು:

"ಹುಗ್ಗಿ ಉಕ್ಕಿ ಒಲಿ ಬಿರದೈತಿ, ಸಾರಸಬೇಕು. ಒಲಿ ಅಂದ್ರ ಮೋಟಾರ ಅಲ್ಲ, ಎರಡು ಬೊಗಸಿ ಪೂರಾ ಹಾಕು."

ನಾನು ಬುಟ್ಟಿ ಎಳೆದುಕೊಂಡು ಮಣ್ಣು ನಾದಲು ಕೂತೆ.