ಮುದುಕನ ಕಣ್ಣು ಬರೆದವರು

ಇಂಥ ಕತೆ ಯಾರಾದರೂ ಹೇಳಿದರೆ ಕಾಗೆ ಹಾರಿಸಬೇಡಿ ಎಂದು ನಗುತ್ತಿದ್ದವನು ನಾನು. ಈಗ ನಾನೇ ಹೇಳಲು ಹೊರಟಿದ್ದೇನೆ. ನೀವು ನಕ್ಕರೆ ತಪ್ಪು ತಿಳಿಯುವುದಿಲ್ಲ.

ಬೆಳಗಾವಿಯಲ್ಲಿ ಅಪ್ಪ ಗಣಪತಿ ಮೂರ್ತಿ ಮಾಡುತ್ತಿದ್ದ. ಕಣ್ಣು ಮಾತ್ರ ಅವ್ವನ ಪಾಲು. ಬಣ್ಣವೆಲ್ಲ ಮುಗಿದ ಮೇಲೆ ಸ್ನಾನ ಮಾಡಿ ಬಂದು, ಕಡೆಗೆ ಅವಳೇ ಬರೆಯಬೇಕು. ನಾನು ಆ ಕಸುಬು ಬಿಟ್ಟು ಪುಣೆ ಹತ್ತಿರ ಭೋಸರಿಯ ಕಾರ್ಖಾನೆ ಸೇರಿದೆ. ಅವ್ವ ಅದನ್ನು ಬಾಯಿ ಬಿಟ್ಟು ಆಡಲಿಲ್ಲ, ಮರೆಯಲೂ ಇಲ್ಲ. ಒಮ್ಮೆಯಾದರೂ ಅವಳು ನನ್ನ ಕೈಯನ್ನು ಒಪ್ಪಬೇಕು ಎಂಬ ಆಸೆ ನನಗೆ ಹತ್ತುವ ಹೊತ್ತಿಗೆ ಅವಳ ದೃಷ್ಟಿ ಪೂರ್ತಿ ಹೋಗಿತ್ತು.

ಆಗ ಪುಣೆ ಕ್ಯಾಂಪಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಅಚ್ಚು ಚಿತ್ರ ಸಿಕ್ಕಿತು. ಯುರೋಪಿನ ಬರೋಕ್ ಕಾಲದ, ಎಂದರೆ ಮುನ್ನೂರು ನಾನೂರು ವರ್ಷದ ಹಿಂದಿನ, ಒಬ್ಬ ಗಡ್ಡದ ಮುದುಕ. ಇಂಥ ಚಿತ್ರ ಮಾಡಲು ತಾಮ್ರದ ತಗಡಿಗೆ ಮೇಣ ಹಚ್ಚಿ ಸೂಜಿಯಿಂದ ಗೀರಬೇಕು; ಆಸಿಡ್ಡಿನಲ್ಲಿಟ್ಟರೆ ಗೀರಿದಲ್ಲಷ್ಟೇ ಅದು ತಗಡನ್ನು ಕೊರೆಯುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ. ಒಣಗಿದ ಮೇಲೆ ಮಸಿ ಕೂದಲೆಳೆಯಷ್ಟು ಉಬ್ಬಿ ಬೆರಳಿಗೆ ಸಿಗುತ್ತದೆ. ಅವ್ವನಿಗೆ ಇದನ್ನಾದರೂ ಮುಟ್ಟಿಸಬಹುದು ಎಂದು ಆ ಮುದುಕನನ್ನೇ ನಕಲು ಮಾಡಲು ಕೂತೆ.

ಗಡ್ಡ, ಸುಕ್ಕು, ಟೊಪ್ಪಿಗೆ ಎಲ್ಲ ಬಂತು. ಕಣ್ಣಿಗೆ ಸೂಜಿ ಹಚ್ಚಲು ಧೈರ್ಯವಾಗಲಿಲ್ಲ. ಕಣ್ಣಿಲ್ಲದೆಯೇ ಒಂದು ಪ್ರತಿ ತೆಗೆದು, ಆ ಎರಡು ಬಿಳಿ ಜಾಗಗಳನ್ನು ಕಣ್ಣಾರೆ ನೋಡಿಯೇ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ನಾಲ್ಕು ದಿನ ಬಿಟ್ಟು, ಪುಣೆಯ ಬಿಬವೇವಾಡಿಯಲ್ಲಿ ಅವ್ವ ಈಗ ನನ್ನ ಜೊತೆಗಿದ್ದ ಮನೆಯಲ್ಲಿ ಮಧ್ಯಾಹ್ನದ ಚಹಾ ಆದ ಮೇಲೆ, ಆ ಪ್ರತಿಯನ್ನು ಕಪಾಟಿನಿಂದ ತೆಗೆದು, ನೋಡದೆಯೇ ನೇರ ಅವ್ವನ ತೊಡೆಯ ಮೇಲಿಟ್ಟೆ. ಬೆರಳು ಓಡಾಡಿತು.

"ಗಡ್ಡ ಛಲೋ ತೆಗದಿ" ಎಂದಳು. ನನ್ನ ಜೀವ ತಂಪಾಯಿತು. ಬೆರಳು ಮೇಲೇರಿ ನಿಂತಿತು.

"ಕಣ್ಣು ಯಾರು ಬರದಾರ?"

"ಕಣ್ಣು ಇನ್ನೂ ಬರದಿಲ್ಲ ಬೇ."

"ಹೊರಗಿನ ಮೂಲಿಂದ ಒಳಗ ಎಳದಾರ. ಹಿಂಗ ನಾ ಎಳೀತಿದ್ದೆ."

ಬಗ್ಗಿ ನೋಡಿದೆ. ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಹೆದರಿಕೆಯಾಗಲಿಲ್ಲ, ಗರ್ಭಗುಡಿಯ ಮುಂದೆ ನಿಂತವನಂತೆ ಸುಮ್ಮನೆ ಕೈ ಜೋಡಿಸಿದೆ.

ತಗಡನ್ನು ಭೂತಗನ್ನಡಿ ಹಿಡಿದು ನೋಡಿದೆ. ಆ ಜಾಗ ನುಣ್ಣಗಿತ್ತು. ಇನ್ನೊಂದು ಪ್ರತಿ ತೆಗೆದರೆ ಕಣ್ಣೇ ಇಲ್ಲ. ಕೀಲಿ ನನ್ನ ಕಿಸೆ ಬಿಟ್ಟು ಹೋಗಿರಲಿಲ್ಲ. ಎಲ್ಲವನ್ನೂ ಅವ್ವನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಮತ್ತ, ನೀ ಅದನ್ನ ನನಗಂತ ಬಿಟ್ಟಿರಲಿಲ್ಲೇನು?" ಎಂದಳು.

ಬಿಟ್ಟಿದ್ದೆನೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ.