ಮೂರನೆಯ ಜೋಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ನಾಲಿಗೆಯ ಮೇಲೆ ಕರ್ಪೂರ ಉರಿಸಿಕೊಂಡು ಮಕ್ಕಳಿಗೆ ತೋರಿಸಿ, ಇದರಲ್ಲಿ ಪವಾಡ ಏನೂ ಇಲ್ಲ ಎಂದವನು ನಾನು. ಯಾರಾದರೂ ದೆವ್ವ ಕಂಡೆ ಎಂದರೆ, "ರಾತ್ರಿ ಊಟಕ್ಕೆ ಏನಿತ್ತು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಆ ಪ್ರಶ್ನೆಗೆ ನಗು ಬೀಳುತ್ತಿತ್ತು, ಅದರಿಂದ ನನಗೆ ಸ್ವಲ್ಪ ಜಂಬವೂ ಇತ್ತು. ಇದನ್ನು ಓದಿ ನೀವೂ ಅದನ್ನೇ ಕೇಳಬಹುದು. ಅವತ್ತು ನಾವು ತಿಂದದ್ದು ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ಮತ್ತು ಒಂದೊಂದು ಬಾಳೆಹಣ್ಣು.

ನನ್ನ ತಮ್ಮ ಮಂಜು ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅಪ್ಪ ಬೇಗ ಹೋದದ್ದರಿಂದ ಅವನನ್ನು ಅಮ್ಮನೂ ನಾನೂ ಸೇರಿ ಸಾಕಿದೆವು. ಚಿಕ್ಕಂದಿನಿಂದ ಅವನಿಗೆ ಉಬ್ಬಸ. ಚಳಿಗಾಲದಲ್ಲಿ ಅವನ ಎದೆ ಗೊರಗೊರ ಎಂದರೆ ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ದೊಡ್ಡವನಾದ ಮೇಲೆ ಅದು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವನಿಗೆ ಬಯಲಿನಲ್ಲಿ ಮಲಗುವ ಹುಚ್ಚು ಹತ್ತಿತು. ಯಾವುದೋ ವಿಡಿಯೋ ನೋಡಿ, ಎರಡು ಮರದ ನಡುವೆ ಕಟ್ಟಿಕೊಂಡು ಮಲಗುವ ಹ್ಯಾಮಕ್ ಮೂರು ತರಿಸಿದ. ಒಂದು ಅವನಿಗೆ, ಒಂದು ನನಗೆ, ಇನ್ನೊಂದು ಗೌರಿಬಿದನೂರಿನ ಅವನ ಗೆಳೆಯ ಹರೀಶನಿಗೆ.

"ಇದು ಜೋಲಿ ಕಣೋ, ನಿನ್ನನ್ನ ಇಂಥದ್ರಲ್ಲೇ ತೂಗಿದೀನಿ" ಎಂದೆ.

"ಹ್ಯಾಮಕ್ ಅನ್ನಣ್ಣ, ಸ್ವಲ್ಪ ಮರ್ಯಾದೆ ಕೊಡು" ಎಂದ.

ನಾವು ಗೊತ್ತುಮಾಡಿದ ಶನಿವಾರದ ಹೊತ್ತಿಗೆ ಚೆನ್ನೈ ಕಡೆ ಸೈಕ್ಲೋನ್ ಎದ್ದು ನಮ್ಮ ಮೇಲೂ ಮೋಡ ಕವಿದಿತ್ತು. ನಮ್ಮಲ್ಲಿ ಅಂಥ ಮಳೆ ಒಮ್ಮೆ ಸುರಿದು ಮುಗಿಯುವುದಿಲ್ಲ. ಎರಡು ಮೂರು ದಿನ ಜಿಟಿಜಿಟಿ ಎಂದು ಬೀಳುತ್ತ ಮೂಳೆಗೆ ಚಳಿ ಇಳಿಸುತ್ತದೆ. ರೇಷ್ಮೆ ಹುಳು ಸಾಕುವವರು ಸೊಪ್ಪು ನೆನೆಯಿತೆಂದು ಬೈದುಕೊಳ್ಳುವ ಮಳೆ ಅದು. ಅಮ್ಮ ಬೇಡವೆಂದಳು, ಮಂಜು ಕೇಳಲಿಲ್ಲ. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, "ಅವನಿಗೆ ಥಂಡಿ ಆಗಿಬರಲ್ಲ ಕಣಪ್ಪ. ನೀನು ಜೊತೇಲಿರ್ತೀಯ ಅಂತ ಬಿಡ್ತಾ ಇದೀನಿ" ಎಂದು ಮನೆಯ ಹಳೆಯ ಕುರಿಕಂಬಳಿಯನ್ನು ನನ್ನ ಕೈಗಿಟ್ಟಳು. ಅವನು ಆಗಲೇ ತೆಳ್ಳನೆಯದೊಂದು ಸ್ಲೀಪಿಂಗ್ ಬ್ಯಾಗ್ ತರಿಸಿಕೊಂಡಿದ್ದ, ಕಂಬಳಿ ಬೇಡವೆಂದ. ಹಾಗಾಗಿ ಅದು ನನ್ನ ಪಾಲಿಗೆ ಬಂತು.

ಕಳವಾರದ ಬೆಟ್ಟಕ್ಕೆ ಹೋಗಬೇಕೆಂದಿದ್ದೆವು. ಅಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ ಎಂದು ತಿಳಿದು, ದಿಬ್ಬೂರಹಳ್ಳಿಯ ಆಚೆ ಒಂದು ಗುಡ್ಡದ ಬುಡದಲ್ಲಿರುವ ಹೊಂಗೆ ತೋಪಿಗೆ ಹೋದೆವು. ಬೈಕನ್ನು ರಸ್ತೆ ಬದಿಯ ಮನೆಯೊಂದರ ಮುಂದೆ ಬಿಟ್ಟು ಅರ್ಧ ಗಂಟೆ ನಡೆದೆವು. ಹರೀಶ ಕೆಲಸ ಮುಗಿಸಿ ಸಂಜೆಗೆ ಬರುವವನಿದ್ದ. ಅವನು ಬರುವಷ್ಟರಲ್ಲಿ ಎಲ್ಲ ಸಿದ್ಧವಿರಲಿ ಎಂದು ಮಂಜು ಮೂರನ್ನೂ ಕಟ್ಟಿದ. ನಮ್ಮಿಬ್ಬರದರ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟಿದೆವು. ಹರೀಶ ತನ್ನ ಹಾಳೆಯನ್ನು ತಾನೇ ತರುತ್ತೇನೆ ಎಂದಿದ್ದರಿಂದ ಮೂರನೆಯದು ಬರಿದಾಗಿ ಮಳೆಯಲ್ಲಿ ತೂಗಾಡುತ್ತಿತ್ತು.

ತಲೆಗೆ ಗೊಬ್ಬರದ ಚೀಲ ಹೊದ್ದ ಒಬ್ಬ ಹೆಂಗಸು ಮೇಕೆಗಳನ್ನು ಹೊಡೆದುಕೊಂಡು ಆ ದಾರಿಯಲ್ಲಿ ಬಂದಳು. ಅರವತ್ತು ದಾಟಿರಬೇಕು. "ಎವರು ನಾಯನಾ ಮೀರು?" ಎಂದು, ಯಾರಪ್ಪ ನೀವು ಅಂತ, ತೆಲುಗಿನಲ್ಲಿ ಶುರುಮಾಡಿ, ನಮ್ಮ ಮಾತು ಕೇಳಿ ಕನ್ನಡಕ್ಕೆ ಹೊರಳಿದಳು. ಮೂರನೆಯದು ಯಾರಿಗೆ ಎಂದು ಕೇಳಿದಳು. ಬರುವವನಿದ್ದಾನೆ ಎಂದೆವು.

"ಬಂದ್ಮೇಲೆ ಕಟ್ಕೊಳ್ಳಲಿ. ಖಾಲಿ ಜೋಲಿ ತೂಗಬಾರ್ದು ನಾಯನಾ" ಎಂದಳು. "ಬಿಚ್ಚಕ್ಕೆ ಆಗದಿದ್ರೆ ಒಂದು ಕಲ್ಲಾದ್ರೂ ಮಲಗ್ಸಿ."

ಈ ಮಾತು ನಮಗೆ ಹೊಸದೇನಲ್ಲ. ನಾಮಕರಣದಲ್ಲಿ ಮಗುವಿಗಿಂತ ಮೊದಲು ತೊಟ್ಟಿಲಿಗೆ ರುಬ್ಬುವ ಗುಂಡನ್ನು ಮಲಗಿಸಿ ಹೆಸರು ಕರೆಯುವುದನ್ನು ನೀವೂ ನೋಡಿರುತ್ತೀರಿ. ಖಾಲಿ ತೊಟ್ಟಿಲು ತೂಗಿದರೆ ನಮ್ಮ ಅಜ್ಜಿ ಕೈಗೆ ಹೊಡೆಯುತ್ತಿದ್ದರು. ಮಂಜು ನಗುತ್ತಲೇ ಒಂದು ಗುಂಡುಕಲ್ಲು ಹುಡುಕಿ ತಂದು, ಅದಕ್ಕೆ ತನ್ನ ಕರ್ಚೀಫು ಹೊದಿಸಿ ಮಲಗಿಸಿದ. ಹೆಂಗಸು ಅದನ್ನು ನೋಡಿ ಮೇಕೆಗಳ ಹಿಂದೆ ಹೋದಳು.

ಆರೂವರೆಗೆ ಹರೀಶನ ಮೆಸೇಜ್ ಬಂತು, ಮಳೆ ಜಾಸ್ತಿ, ಬರುವುದಿಲ್ಲ ಎಂದು. ಆಗಲೇ ಮೂರನೆಯದನ್ನು ಬಿಚ್ಚಬಹುದಿತ್ತು. ಗಂಟು ನೆನೆದು ಬಿಗಿದಿತ್ತು, ನಮಗೆ ಬೇಸರ, ಬಿಟ್ಟೆವು. ಕತ್ತಲಾದ ಮೇಲೆ ಗಾಳಿ ಎದ್ದು ನನ್ನ ಪ್ಲಾಸ್ಟಿಕ್ಕಿನ ಒಂದು ಮೂಲೆ ಕಿತ್ತುಕೊಂಡು ಪಟಪಟ ಹೊಡೆಯತೊಡಗಿತು. ಅದರ ಮೇಲೆ ಹೇರಲು ಕಲ್ಲು ಬೇಕಿತ್ತು. ಕೆಸರಿನಲ್ಲಿ ಯಾರು ಹುಡುಕುತ್ತಾರೆ? ಕೈಗೆ ಸಿಕ್ಕಿದ ಕಲ್ಲನ್ನೇ, ಅಂದರೆ ಜೋಲಿಯಲ್ಲಿದ್ದ ಕಲ್ಲನ್ನೇ ಎತ್ತಿ ಇಟ್ಟೆ. ಮಂಜು ಆಗಲೇ ಮಲಗಿದ್ದ, ಅವನಿಗೆ ಗೊತ್ತಾಗಲಿಲ್ಲ.

ಜೋಲಿಯಲ್ಲಿ ಚಳಿ ಮೇಲಿನಿಂದ ಬರುವುದಿಲ್ಲ, ಬೆನ್ನ ಕೆಳಗಿನಿಂದ ಬರುತ್ತದೆ. ಕೆಳಗೆ ಹಾಯುವ ಗಾಳಿ ಮೈಯ ಕಾವನ್ನೆಲ್ಲ ಹೀರಿಕೊಂಡು ಹೋಗುತ್ತದೆ. ಇದನ್ನು ವರ್ಷ ವರ್ಷ ಪಾಠ ಮಾಡುವ ನನಗೆ ಅಲ್ಲಿ ಮಲಗುವವರೆಗೂ ಹೊಳೆದಿರಲಿಲ್ಲ, ಪುಸ್ತಕದ ಬದನೆಕಾಯಿ ಎಂದರೆ ಇದೇ. ಕಂಬಳಿಯನ್ನು ಅಡಿಗೂ ಮೇಲಕ್ಕೂ ಸುತ್ತಿಕೊಂಡು ಹೇಗೋ ಒಂದು ನಿದ್ದೆ ತೆಗೆದೆ.

ಎಚ್ಚರವಾದಾಗ ಎರಡು ಗಂಟೆ ಇರಬಹುದು. ಯಾರೋ ಹಲ್ಲು ಕಟಕಟಿಸುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಟಾರ್ಚ್ ಹಾಕಿಕೊಂಡು ಇಳಿದೆ. ಸದ್ದು ಮಂಜುವಿನ ಕಡೆಯಿಂದ ಬರುತ್ತಿರಲಿಲ್ಲ, ಮೂರನೆಯದರಿಂದ ಬರುತ್ತಿತ್ತು. ಅದು ಭಾರಕ್ಕೆ ಜಗ್ಗಿ, ಬಟ್ಟೆ ಉಬ್ಬಿಕೊಂಡು, ಮೆಲ್ಲಗೆ ನಡುಗುತ್ತಿತ್ತು. ಬಟ್ಟೆಯ ಎರಡೂ ಅಂಚು ಮೇಲೆ ಕೂಡಿಕೊಂಡು ಮುಖ ಕಾಣದಂತೆ ಮುಚ್ಚಿದ್ದವು. ತನ್ನದು ನೆನೆದು ಮಂಜು ಇಲ್ಲಿಗೆ ಬಂದಿದ್ದಾನೆ ಎಂದುಕೊಂಡೆ. ಆದರೂ ಖಾತ್ರಿಗೆಂದು ತಿರುಗಿ ಅವನ ಹ್ಯಾಮಕ್ಕಿಗೆ ಟಾರ್ಚ್ ಬಿಟ್ಟೆ. ದಯವಿಟ್ಟು ಇದನ್ನು ಗಮನಿಸಿ, ನಾನು ನೋಡಿದೆ. ಅದು ಒಗೆದು ಹರವಿದ ಪಂಚೆಯಂತೆ ಚಪ್ಪಟೆಯಾಗಿ ಜೋತುಬಿದ್ದಿತ್ತು. ಒಳಗೆ ಯಾರೂ ಇರಲಿಲ್ಲ.

"ನೆನೆದು ಹೋದ್ಯೇನೋ?" ಎಂದೆ.

"ಹೂಂ" ಎಂದಿತು ಒಳಗಿನಿಂದ.

"ನನ್ನ ಎಬ್ಬಿಸಬಾರ್ದಾ" ಎಂದು ಬೈದು, ನನ್ನ ಕಂಬಳಿಯನ್ನು ತಂದು ಹೊದಿಸಿದೆ. ಬಟ್ಟೆಯ ಮೇಲಿನಿಂದಲೇ ಭುಜ ಕೈಗೆ ಸಿಕ್ಕಿತು, ಮಡಿಸಿದ ಮೊಣಕಾಲು ಸಿಕ್ಕಿತು. ಚಿಕ್ಕಂದಿನಲ್ಲಿ ಅವನಿಗೆ ಮಾಡುತ್ತಿದ್ದ ಹಾಗೆ ಕಂಬಳಿಯ ಅಂಚುಗಳನ್ನೆಲ್ಲ ಅಡಿಗೆ ಸಿಕ್ಕಿಸಿದೆ. ಹಲ್ಲು ಕಟಕಟಿಸುವುದು ನಿಂತಿತು. ನಾನು ಸ್ವೆಟರಿನ ಮೇಲೆ ಟವೆಲ್ ಸುತ್ತಿಕೊಂಡು, ಅಮ್ಮನ ಮಾತು ಉಳಿಸಿದ ಸಮಾಧಾನದಲ್ಲಿ ಮುದುಡಿಕೊಂಡು ಮಲಗಿದೆ. ಆ ಸಮಾಧಾನ ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಬೆಳಕು ಬಿಡುವಾಗ ಎದ್ದೆ. ತೋಪಿನ ತುಂಬ ಇಬ್ಬನಿ ಕವಿದಿತ್ತು. ಮೂರನೆಯ ಜೋಲಿ ಹಗುರವಾಗಿ ತೇಲುತ್ತಿತ್ತು. ಎದ್ದು ಹೋಗಿದ್ದಾನೆ ಎಂದುಕೊಂಡು ಕೂಗಿದೆ, ಉತ್ತರವಿಲ್ಲ. ತಮ್ಮನ ಹ್ಯಾಮಕ್ಕಿನ ಹತ್ತಿರ ಹೋದೆ. ಅದು ನೆಲ ಮುಟ್ಟುವಷ್ಟು ಜಗ್ಗಿತ್ತು. ಮಳೆ ಹಗ್ಗದ ಗುಂಟ ಇಳಿದು ರಾತ್ರಿಯಿಡೀ ಒಳಗೆ ತುಂಬಿಕೊಂಡಿತ್ತು, ಆ ನೀರಿನಲ್ಲಿ ಮಂಜು ಮಲಗಿದ್ದ. ತುಟಿ ನೀಲಿಯಾಗಿತ್ತು, ಕಣ್ಣು ಅರೆ ತೆರೆದಿತ್ತು. ಅವನು ನಡುಗುತ್ತಿರಲಿಲ್ಲ. ಮೈ ನಡುಗುವುದನ್ನೂ ಬಿಟ್ಟಿದೆ ಎಂದರೆ ಚಳಿ ಜೀವಕ್ಕೇ ಬಂದಿದೆ ಎಂದು ನನಗೆ ಗೊತ್ತಿತ್ತು.

ಒಣಗಿದ್ದು ಏನಾದರೂ ಬೇಕಿತ್ತು. ಕಂಬಳಿಗೆ ಓಡಿದೆ. ರಾತ್ರಿಯ ಮಳೆಯೆಲ್ಲ ಅದರ ಮೇಲೆ ಬಿದ್ದಿದ್ದರೂ ಒಳಮೈ ಒಣಗಿತ್ತು. ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಒಂದು ಗಳಿಗೆ ನಿಂತುಬಿಟ್ಟೆ. ತಮ್ಮನಿಗೆ ಅದನ್ನು ಹೊದಿಸಲು ಮನಸ್ಸು ಒಪ್ಪಲಿಲ್ಲ. ಆದರೆ ಬೇರೆ ಏನಿತ್ತು? ಒದ್ದೆ ಬಟ್ಟೆ ಬಿಚ್ಚಿ ಅವನನ್ನು ಅದರಲ್ಲೇ ಸುತ್ತಿ ಬೆನ್ನಿಗೆ ಹಾಕಿಕೊಂಡು ರಸ್ತೆಗೆ ಓಡಿದೆ.

ಬೈಕಿನಲ್ಲಿ ಕೂರುವ ಸ್ಥಿತಿಯಲ್ಲಿ ಅವನಿರಲಿಲ್ಲ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಸಾಗಿಸುತ್ತಿದ್ದ ಗಾಡಿಯೊಂದು ಸಿಕ್ಕಿತು. ಡ್ರೈವರ್ ಒಂದು ಮಾತೂ ಕೇಳದೆ ರೇಷ್ಮೆಗೂಡಿನ ಚೀಲಗಳ ನಡುವೆ ಜಾಗ ಮಾಡಿಕೊಟ್ಟ. ಊರು ಸೇರುವವರೆಗೂ ನಾನು ಮಂಜುವಿನ ಅಂಗಾಲು ಉಜ್ಜುತ್ತಿದ್ದೆ. ಆಸ್ಪತ್ರೆಯಲ್ಲಿ ಎರಡು ದಿನ ಅವನ ಉಸಿರು ನಮ್ಮನ್ನೆಲ್ಲ ಹೆದರಿಸಿತು. ಮೂರನೆಯ ದಿನ ತಾನಾಗಿ ಎದ್ದು ಕೂತು ಕಾಫಿ ಕೇಳಿದ. ಅಮ್ಮ ಬಾಗಿಲ ಹಿಂದೆ ಹೋಗಿ ಅತ್ತಳು.

ಅಷ್ಟರಲ್ಲಿ ಡಾಕ್ಟರ ಹತ್ತಿರ ನಾನು ಎಲ್ಲವನ್ನೂ ಹೇಳಿಕೊಂಡಿದ್ದೆ. ಮೈ ತೀರ ತಣ್ಣಗಾದರೆ ತಲೆಯೂ ಕೆಡುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ ಎಂದರು. ಮರಗಟ್ಟಿದ ಕೈಗೆ ಯಾವುದು ಮುಟ್ಟಿದರೂ ಬೆಚ್ಚಗೆ ಅನಿಸುತ್ತದೆ ಎಂದೂ ಹೇಳಿದರು. ಬೇರೆಯವರು ಬಂದು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಖಾಲಿ ಜೋಲಿಗೆ ನಾನೇ ಕಂಬಳಿ ಹೊದಿಸಿ ಮಲಗಿದೆ, ಅಷ್ಟೇ ಎಂದು ಒಪ್ಪಿಕೊಂಡೆ. ಕಲ್ಲು ತೆಗೆದದ್ದಕ್ಕೂ ಇದಕ್ಕೂ ಗಂಟು ಹಾಕಲು ನನ್ನ ಬುದ್ಧಿ ಇಂದಿಗೂ ಸಿದ್ಧವಿಲ್ಲ. ಆದರೆ ಆ ಕಲ್ಲಿನ ವಿಷಯ ಮಂಜುವಿಗೆ ಹೇಳಿಲ್ಲ.

ಅವನು ಕಾಫಿ ಕೇಳಿದ ದಿನ ಸಂಜೆ ಅಮ್ಮ ಮನೆಗೆ ಹೋಗಿದ್ದಳು. ಮಂಜು ಗೋಡೆ ನೋಡುತ್ತ ಮಲಗಿದ್ದವನು, "ಹರೀಶ ಆಮೇಲೆ ಬಂದ್ನಾ ಅಣ್ಣ?" ಎಂದ.

"ಇಲ್ಲ ಕಣೋ. ಅವನು ಊರಲ್ಲೇ ಇದ್ದ."

"ಮತ್ತೆ ಆ ಇನ್ನೊಂದ್ರಲ್ಲಿ ಯಾರ್ಗೆ ಹೊದಿಸ್ತಾ ಇದ್ದೆ?"

ನಾನು ಅವನ ಹೊದಿಕೆಯ ಅಂಚು ಸರಿಮಾಡಿದೆ.

"ನೀನು ನನ್ನ ಮುಖದ ಮೇಲೇ ಟಾರ್ಚ್ ಬಿಟ್ಟೆ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಕೈ ಎತ್ತಿ ಕರೆದೆ, ಅಣ್ಣ ಅಂತ ಎರಡು ಸಲ ಕೂಗ್ದೆ. ನೀನು ನೋಡ್ದೆ. ನನ್ನನ್ನೇ ನೋಡ್ದೆ. ನೋಡಿ ಆ ಕಡೆ ತಿರುಗ್ಕೊಂಡೆ."

ಅಲ್ಲಿ ಯಾರೂ ಕಾಣಲಿಲ್ಲ ಕಣೋ, ಬರಿಯ ಬಟ್ಟೆ ಇತ್ತು ಎಂದೆ. ಅಮ್ಮನ ಮೇಲೆ ಆಣೆ ಇಟ್ಟೆ. ಆಣೆ ಪ್ರಮಾಣಗಳನ್ನೆಲ್ಲ ಗೇಲಿ ಮಾಡುತ್ತ ಬಂದ ನಾನು ಹಾಗೆ ಮಾಡಿದ್ದು ಅದೇ ಮೊದಲು. ಅವನು ನನ್ನ ಮುಖವನ್ನೇ ನೋಡಿ, "ಹೋಗ್ಲಿ ಬಿಡಣ್ಣ" ಎಂದ.

ಆಮೇಲೆ ನಾವಿಬ್ಬರೂ ಆ ಮಾತು ಎತ್ತಿಲ್ಲ. ಈಗ ಅವನು ಆರೋಗ್ಯವಾಗಿದ್ದಾನೆ, ಚಿಂತಾಮಣಿಯಲ್ಲಿ ಕೆಲಸ, ಮದುವೆಯೂ ಆಗಿದೆ. ಹಬ್ಬಕ್ಕೆ ಬರುತ್ತಾನೆ, ನಗುತ್ತಾನೆ, ನನ್ನ ತಟ್ಟೆಗೆ ಅವನೇ ಹೋಳಿಗೆ ಬಡಿಸುತ್ತಾನೆ. ನಾನು ಹೇಳಿದ್ದನ್ನು ಅವನು ನಂಬಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ನಂಬುತ್ತಿರಲಿಲ್ಲ.